ಪುಸ್ತಕದಲ್ಲಿ ಕಂಡ ಚಿತ್ರ ಮ್ಯೂಸಿಯಂನಲ್ಲಿ ಯಾಕೆ ಸಿಗಲ್ಲ? ಚೀನಾ, ಜಪಾನ್ ಕಲೆಯ ಬೆಳಕಿನ ಲೆಕ್ಕ

ಈ ವಾರದ ಕಂತಿನ ಬರಹ ರೂಪ ಇಲ್ಲಿದೆ. ಕೇಳೋಕೆ ಪುರುಸೊತ್ತು ಇಲ್ಲದವರು ಓದಿಕೊಳ್ಳಿ. ಕೇಳಿದವರೂ ಒಮ್ಮೆ ಕಣ್ಣಾಡಿಸಿ, ಯಾಕಂದ್ರೆ ಚೀನಾ, ಜಪಾನಿನ ಹೆಸರುಗಳು ಕಿವಿಗಿಂತ ಕಣ್ಣಿಗೆ ಬೇಗ ಹತ್ತುತ್ತವೆ.

ನೀವು ಆಫೀಸ್ ಕೆಲಸದ ಮೇಲೆ ತೈವಾನಿನ ತೈಪೆಗೆ ಹೋಗಿದ್ದೀರಿ ಅಂದುಕೊಳ್ಳಿ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಅಲ್ಲಿನ ನ್ಯಾಷನಲ್ ಪ್ಯಾಲೆಸ್ ಮ್ಯೂಸಿಯಂ ಬಗ್ಗೆ ಕೇಳಿದ್ದೀರಿ, ಚೀನಾದ ದೊರೆಗಳು ಶತಮಾನಗಳ ಕಾಲ ಕೂಡಿಟ್ಟ ಕಲೆಯ ಆಯ್ದ ಭಾಗ ಇರೋದು ಅಲ್ಲಿ. ಪುಸ್ತಕಗಳಲ್ಲಿ ನೋಡಿದ ಒಂದು ಚಿತ್ರ ತಲೆಯಲ್ಲಿ ಕೂತಿದೆ. ಸುಮಾರು ಸಾವಿರ ವರ್ಷದ ಹಿಂದೆ ಫಾನ್ ಕ್ವಾನ್ ಅನ್ನುವ ಕಲಾವಿದ ರೇಷ್ಮೆ ಬಟ್ಟೆಯ ಮೇಲೆ ಬರೆದ ಬೆಟ್ಟದ ಚಿತ್ರ. ಎರಡು ಮೀಟರಿಗಿಂತ ಎತ್ತರ. ಬಹುಪಾಲು ಬರೀ ಬಂಡೆ, ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಹೇರು ಹೊತ್ತ ಕತ್ತೆಗಳು. ಟಿಕೆಟ್ ತಗೊಂಡು ಒಳಗೆ ಹೋಗಿ ಕೇಳ್ತೀರಿ. ಈಗ ಇಲ್ಲ ಅಂತಾರೆ. ಮುಂದಿನ ತಿಂಗಳು? ಇಲ್ಲ. ಈ ವರ್ಷದೊಳಗೆ? ಬಹುಶಃ ಅದೂ ಇಲ್ಲ.

ಪ್ಯಾರಿಸ್ಸಿನಲ್ಲಿ ಹೀಗಾಗಲ್ಲ. ಮೊನಾಲಿಸಾ ಇದ್ದೇ ಇರ್ತಾಳೆ, ರಶ್ ಮಾತ್ರ ಸಮಸ್ಯೆ. ಹಾಗಾದರೆ ಚೀನಾ, ಜಪಾನಿನ ಚಿತ್ರಗಳಿಗೆ ಮಾತ್ರ ಯಾಕೆ ಈ ಕಣ್ಣಾಮುಚ್ಚಾಲೆ? ಮೊದಲ ಉತ್ತರ ವಿಜ್ಞಾನದ್ದು, ಸುಲಭ. ಅದರ ಹಿಂದೆ ಹಣಕಾಸಿನಂಥ ಇನ್ನೊಂದು ಪ್ರಶ್ನೆ ಇದೆ. ನಾನು ಕಾಮರ್ಸ್ ಓದಿದವನು, ನನಗೆ ಇಷ್ಟವಾಗಿದ್ದು ಆ ಎರಡನೇದು.

ಮೊನಾಲಿಸಾ ಮರದ ಹಲಗೆಯ ಮೇಲೆ ಬರೆದ ಎಣ್ಣೆ ಬಣ್ಣದ ಚಿತ್ರ. ಚೀನಾ, ಜಪಾನಿನ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ರೇಷ್ಮೆ ಅಥವಾ ಕಾಗದದ ಮೇಲೆ, ನೀರಿನಲ್ಲಿ ಕಲಸಿದ ಮಸಿ ಮತ್ತು ಬಣ್ಣದಲ್ಲಿ ಬರೆದವು. ಬೆಳಕು ಬಿದ್ದಷ್ಟೂ ರೇಷ್ಮೆ ಕಂದಾಗುತ್ತೆ, ಪುಡಿಯಾಗುತ್ತೆ. ಅಜ್ಜಿಯ ಟ್ರಂಕಿನಲ್ಲಿ ಮಡಿಚಿಟ್ಟ ಹಳೇ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳಿಹೋಗೋದನ್ನ ನೋಡಿದವರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ಇಲ್ಲಿ ಮುಖ್ಯವಾದ ವಿಷಯ ಒಂದಿದೆ. ಬೆಳಕಿನಿಂದ ಆದ ಹಾನಿಯನ್ನ ಹಿಂದಕ್ಕೆ ತರೋಕಾಗಲ್ಲ, ಮತ್ತು ಅದು ಕೂಡುತ್ತಾ ಹೋಗುತ್ತೆ. ಇವತ್ತು ಎರಡು ಗಂಟೆ, ನಾಳೆ ಎರಡು ಗಂಟೆ ಅಂದ್ರೆ ಒಟ್ಟು ನಾಲ್ಕು ಗಂಟೆ. ನಡುವೆ ರಾತ್ರಿಯಿಡೀ ಕತ್ತಲಲ್ಲಿಟ್ಟರೂ ಆ ನಾಲ್ಕು ಮೂರಾಗಲ್ಲ.

ಅದಕ್ಕೇ ಮ್ಯೂಸಿಯಂನವರು ಬೆಳಕನ್ನ ಕರೆಂಟ್ ಮೀಟರಿನ ಹಾಗೆ ಲೆಕ್ಕ ಹಾಕ್ತಾರೆ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋದರ ಅಳತೆ ಲಕ್ಸ್. ಅದನ್ನ ಗಂಟೆಯಿಂದ ಗುಣಿಸಿದರೆ ಲಕ್ಸ್-ಗಂಟೆ. ನೀವು ಕೂತು ಕೆಲಸ ಮಾಡುವ ಆಫೀಸ್ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತೆ. ಕಾಗದ, ರೇಷ್ಮೆ ಇರುವ ಕೋಣೆಗಳಲ್ಲಿ ಸಾಮಾನ್ಯವಾಗಿ 50ರ ಆಸುಪಾಸು. ಜಪಾನೀ ಚಿತ್ರಗಳ ಕೋಣೆ ಹೊಕ್ಕ ಕೂಡಲೇ ‘ಏನಿದು ಇಷ್ಟು ಮಬ್ಬು’ ಅನಿಸೋದು ಅದಕ್ಕೇ.

ಈಗ ಒಂದು ಸಣ್ಣ ಗುಣಾಕಾರ ಮಾಡೋಣ. 50 ಲಕ್ಸ್, ದಿನಕ್ಕೆ 8 ಗಂಟೆ, ಆರು ವಾರ ಅಂದರೆ 42 ದಿನ. ಒಟ್ಟು 16,800 ಲಕ್ಸ್-ಗಂಟೆ. ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹಾಗಾಗಿ ಆರು ವಾರದ ಇಡೀ ಪ್ರದರ್ಶನದ ಬೆಳಕು ಹತ್ತು ನಿಮಿಷದ ಬಿಸಿಲಿಗೆ ಸಮ. ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣದ ಕಾಟ ಬೇರೆ, ಅದನ್ನ ಬಿಟ್ಟು ಹೇಳ್ತಿದ್ದೀನಿ. ಸಾವಿರ ವರ್ಷದ ಚಿತ್ರವನ್ನ ಬಾಲ್ಕನಿಯ ತಂತಿ ಮೇಲೆ ಹತ್ತು ನಿಮಿಷ ಒಣಹಾಕಿದರೆ ಒಂದು ಇಡೀ ಪ್ರದರ್ಶನದ ಬೆಳಕು ಖರ್ಚಾಯ್ತು.

ಬಿ.ಕಾಂ.ನಲ್ಲಿ ನಮಗೆ ಡಿಪ್ರಿಸಿಯೇಷನ್ ಅಂತ ಪಾಠ ಇತ್ತು, ಸವಕಳಿ. ಮಿಷನ್ ಸವೆಯುತ್ತೆ, ವರ್ಷಕ್ಕಿಷ್ಟು ಅಂತ ಬರೀತೀರಿ, ದುಡ್ಡು ಎತ್ತಿಡ್ತೀರಿ, ಕೊನೆಗೆ ಹೊಸ ಮಿಷನ್ ತರ್ತೀರಿ. ಇಲ್ಲಿ ಸವಕಳಿ ಇದೆ, ಹೊಸದನ್ನ ತರುವ ದಾರಿ ಇಲ್ಲ. ಜಮಾ ಮಾಡೋಕಾಗದ, ಬರೀ ತೆಗೆಯೋಕಷ್ಟೇ ಆಗುವ ಬ್ಯಾಂಕ್ ಖಾತೆ ಅಂದುಕೊಳ್ಳಿ. ಪ್ರತಿ ಪ್ರದರ್ಶನವೂ ಒಂದು ವಿತ್‌ಡ್ರಾವಲ್. ಹೀಗಿರುವಾಗ ಪ್ರಶ್ನೆ ಏನಪ್ಪಾ ಅಂದ್ರೆ, ಆ ಖಾತೆಯಿಂದ ದುಡ್ಡು ತೆಗೆಯುವ ಹಕ್ಕು ಯಾರದ್ದು? ಇವತ್ತಿನ ನಮ್ಮದಾ, ಇನ್ನೂರು ವರ್ಷದ ನಂತರ ಬರುವವರದ್ದಾ? ಊರಿನವರದ್ದಾ, ದೂರದಿಂದ ಬಂದವರದ್ದಾ?

ಒಂದು ತುದಿಯ ಉತ್ತರ ಅಮೆರಿಕದ ಬಾಸ್ಟನ್‌ನಲ್ಲಿದೆ. ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ 1921ರಲ್ಲಿ ಸ್ಪಾಲ್ಡಿಂಗ್ ಅನ್ನುವ ಅಣ್ಣತಮ್ಮಂದಿರು ಆರು ಸಾವಿರಕ್ಕೂ ಹೆಚ್ಚು ಜಪಾನೀ ಮರದಚ್ಚಿನ ಚಿತ್ರಗಳನ್ನ ದಾನ ಕೊಟ್ಟರು. ಅವುಗಳಲ್ಲಿ ತುಂಬಾ ಚಿತ್ರಗಳನ್ನ ಅವರಿಗೆ ಟೋಕಿಯೊದಲ್ಲಿ ಹುಡುಕಿ ಕೊಂಡುಕೊಟ್ಟವನು ಪ್ರಸಿದ್ಧ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್. ದಾನಕ್ಕೆ ಒಂದು ಷರತ್ತು ಇತ್ತು: ಇವನ್ನ ಯಾವತ್ತೂ ಪ್ರದರ್ಶನಕ್ಕೆ ಇಡಬಾರದು. ಯಾವತ್ತೂ ಅಂದ್ರೆ ಯಾವತ್ತೂ! ಓದುವವರು, ಸಂಶೋಧಕರು ಬಂದು ನೋಡಬಹುದು, ಗೋಡೆಗೆ ಮಾತ್ರ ಏರಿಸುವ ಹಾಗಿಲ್ಲ.

ಹುಚ್ಚು ಅನಿಸುತ್ತೆ, ಅಲ್ವಾ? ಜನರಿಗೆ ತೋರಿಸಬಾರದು ಅಂದಮೇಲೆ ಮ್ಯೂಸಿಯಂಗೆ ಯಾಕೆ ಕೊಡಬೇಕಿತ್ತು? ಆದರೆ 18ನೇ ಶತಮಾನದ ಜಪಾನೀ ಮರದಚ್ಚಿನ ನಿಜವಾದ ಬಣ್ಣ ಹೇಗಿತ್ತು ಅಂತ ತಿಳಿಯೋಕೆ ಇವತ್ತು ತಜ್ಞರು ಹೋಗೋದು ಇದೇ ಸಂಗ್ರಹಕ್ಕೆ. ಆ ಕಾಲದಲ್ಲಿ ನೀಲಿಯನ್ನ ತ್ಸುಯುಕುಸಾ ಅನ್ನುವ ಗಿಡದ ಚಿಕ್ಕ ಹೂವಿನಿಂದ ತೆಗೀತಿದ್ರು. ಕೆಂಪು ಬರ್ತಿದ್ದದ್ದು ಕುಸುಬೆ ಹೂವಿನಿಂದ. ಹೌದು, ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗೆ ಅಂತ ಬೆಳೆಯುವ ಅದೇ ಕುಸುಬೆ. ಎರಡೂ ಬಣ್ಣ ಬೆಳಕಿಗೆ ಬೇಗ ಸೋಲುತ್ತವೆ. ಬೇರೆ ಕಡೆಯ ಎಷ್ಟೋ ಪ್ರತಿಗಳಲ್ಲಿ ನೀಲಿ ಮಣ್ಣು ಬಣ್ಣಕ್ಕೆ ತಿರುಗಿದೆ. ಜಪಾನೀ ಚಿತ್ರ ಅಂದ್ರೆ ಹೀಗೇ ತಣ್ಣಗೆ, ಮಾಸಲು ಅಂತ ನಾವು ಮೆಚ್ಚಿಕೊಳ್ಳುವ ಆ ‘ಸೌಮ್ಯ’ ಬಣ್ಣ ಎಷ್ಟೋ ಸಲ ಕಲಾವಿದ ಆರಿಸಿದ್ದಲ್ಲ, ಬಿಸಿಲು ಮಾಡಿದ್ದು. ಸ್ಪಾಲ್ಡಿಂಗ್ ಪ್ರತಿಗಳಲ್ಲಿ ಮಾತ್ರ ಆ ನೀಲಿ ನೀಲಿಯಾಗೇ ಉಳಿದಿದೆ. ಈಗ ಅವುಗಳ ಡಿಜಿಟಲ್ ಪ್ರತಿಗಳನ್ನ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೀವು ಮನೆಯಲ್ಲೇ ಕೂತು ನೋಡಬಹುದು.

ಮರದಚ್ಚಿಗೆ ಒಂದು ಅನುಕೂಲ ಇದೆ, ಪ್ರತಿಗಳು ಹಲವು. ಹೊಕುಸಾಯ್‌ನ ಆ ದೊಡ್ಡ ಅಲೆಯ ಚಿತ್ರ ಎಲ್ಲರಿಗೂ ಗೊತ್ತು, ಟೀ ಶರ್ಟಿನಿಂದ ಫೋನ್ ಕವರ್‌ವರೆಗೆ ಬಂದಿದೆ. 1831ರ ಸುಮಾರಿಗೆ ಅಚ್ಚಾದದ್ದು. ಬ್ರಿಟಿಷ್ ಮ್ಯೂಸಿಯಂ ಬಳಿ ಅದರ ಮೂರು ಪ್ರತಿ ಇವೆ. ಒಂದನ್ನ ತೋರಿಸುವಾಗ ಇನ್ನೆರಡು ಕತ್ತಲಲ್ಲಿ ಮಲಗಿರಬಹುದು, ಅಂದರೆ ಮೂರು ಖಾತೆ. 2017ರಲ್ಲಿ ಅವರು ಹೊಕುಸಾಯ್ ಪ್ರದರ್ಶನ ಮಾಡಿದಾಗ ನಡುವೆ ಜುಲೈನಲ್ಲಿ ಕೆಲವು ದಿನ ಬಾಗಿಲು ಮುಚ್ಚಿ ಚಿತ್ರಗಳನ್ನ ಬದಲಾಯಿಸಿದರು. ಮೇ ತಿಂಗಳಲ್ಲಿ ಹೋದವರು ಕಂಡ ಪ್ರದರ್ಶನವೇ ಬೇರೆ, ಆಗಸ್ಟ್‌ನಲ್ಲಿ ಹೋದವರು ಕಂಡದ್ದೇ ಬೇರೆ. ಚೀನಾ, ಜಪಾನ್ ಕಲೆಯ ಪ್ರದರ್ಶನಗಳಲ್ಲಿ ಇದು ಮಾಮೂಲು. ಹಾಗಾಗಿ ‘ನಾನು ಆ ಎಕ್ಸಿಬಿಷನ್ ನೋಡಿದೆ’ ಅಂತ ಯಾರಾದ್ರೂ ಅಂದ್ರೆ ‘ಮೊದಲರ್ಧವೋ, ಎರಡನೇ ಅರ್ಧವೋ’ ಅಂತ ಕೇಳಬೇಕು.

ಫಾನ್ ಕ್ವಾನ್‌ನ ಬೆಟ್ಟಕ್ಕೆ ಎರಡನೇ ಪ್ರತಿ ಇಲ್ಲ. ಅದಕ್ಕೇ ತೈಪೆ ಮ್ಯೂಸಿಯಂ ತನ್ನ ಅತಿ ಅಮೂಲ್ಯ ಚಿತ್ರ, ಬರಹಗಳ ಒಂದು ಪಟ್ಟಿ ಮಾಡಿಟ್ಟಿದೆ. ಆ ಪಟ್ಟಿಯಲ್ಲಿರೋದನ್ನ ಒಮ್ಮೆಗೆ ಸುಮಾರು ಆರು ವಾರ ತೋರಿಸಿದರೆ, ಆಮೇಲೆ ಕೆಲವು ವರ್ಷ ಕತ್ತಲಲ್ಲಿ ವಿಶ್ರಾಂತಿ. ಜಪಾನಿನಲ್ಲೂ ಸರ್ಕಾರದ ಸಂಸ್ಕೃತಿ ಇಲಾಖೆ ‘ರಾಷ್ಟ್ರೀಯ ನಿಧಿ’ಗಳಿಗೆ 1996ರಲ್ಲೇ ಮಾರ್ಗಸೂಚಿ ಹಾಕಿತು: ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಇಲ್ಲ, ಒಟ್ಟು 60 ದಿನಕ್ಕಿಂತ ಹೆಚ್ಚು ಇಲ್ಲ. ಬೇಗ ಮಾಸುವ ವಸ್ತುವಾದರೆ 30 ದಿನ. 2018ರಲ್ಲಿ ಇದನ್ನ ಪರಿಷ್ಕರಿಸಿ ಕಲ್ಲು, ಲೋಹದಂಥ ಗಟ್ಟಿ ವಸ್ತುಗಳಿಗೆ ಸ್ವಲ್ಪ ಸಡಿಲ ಕೊಟ್ಟರು. ಕಾಗದಕ್ಕೆ, ರೇಷ್ಮೆಗೆ ಬಿಗಿ ಹಾಗೇ ಇದೆ.

ನಿಯಮ ಅಂದಮೇಲೆ ಜಗಳವೂ ಇರಬೇಕಲ್ಲ. ದೊಡ್ಡ ಜಗಳ ಆಗಿದ್ದು 1996ರ ಜನವರಿಯಲ್ಲಿ. ತೈಪೆ ಮ್ಯೂಸಿಯಂ ತನ್ನ ನಾನೂರಕ್ಕೂ ಹೆಚ್ಚು ವಸ್ತುಗಳನ್ನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿ ಅಮೆರಿಕದ ಹಲವು ಊರುಗಳಿಗೆ ಕಳಿಸೋಕೆ ಒಪ್ಪಿಕೊಂಡಿತ್ತು. ಒಪ್ಪಂದ ಆಗಿತ್ತು, ಪುಸ್ತಕ ತಯಾರಿತ್ತು. ಅಷ್ಟರಲ್ಲಿ ಆ ನಿರ್ಬಂಧಿತ ಪಟ್ಟಿಯಲ್ಲಿದ್ದ ಚಿತ್ರಗಳೂ ವಿಮಾನ ಹತ್ತುತ್ತವೆ ಅನ್ನೋದು ತೈಪೆಯ ಜನರಿಗೆ ಗೊತ್ತಾಯ್ತು. ಅವರ ವಾದ ನೋಡಿ, ಎಷ್ಟು ಸರಳ: ‘ಹಾಳಾಗುತ್ತೆ ಅಂತ ನಮಗೇ ವರ್ಷಗಟ್ಟಲೆ ತೋರಿಸಲ್ಲ, ಅಮೆರಿಕಕ್ಕೆ ಕಳಿಸಿದರೆ ಹಾಳಾಗಲ್ವಾ?’ ಜನ ಮ್ಯೂಸಿಯಂ ಮುಂದೆ ಪ್ರತಿಭಟನೆ ಕೂತರು. ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ವಸ್ತುಗಳನ್ನ ಹಿಂದಕ್ಕೆ ತಗೊಂಡರು. ಫಾನ್ ಕ್ವಾನ್‌ನ ಬೆಟ್ಟ ತೈಪೆಯಲ್ಲೇ ಉಳೀತು.

ಒಂದು ಸರ್ಕಾರಿ ಮ್ಯೂಸಿಯಂ ಯಾವ ಚಿತ್ರ ಹೊರಗೆ ಕಳಿಸುತ್ತೆ ಅನ್ನೋದಕ್ಕೆ ಜನ ಬೀದಿಗೆ ಬಂದರು ಅನ್ನೋದೇ ನನಗೆ ಆಶ್ಚರ್ಯ. ಆದರೆ ಆ ವಸ್ತುಗಳ ಹಿನ್ನೆಲೆ ಗೊತ್ತಾದ್ರೆ ಅರ್ಥವಾಗುತ್ತೆ. 1933ರಲ್ಲಿ ಜಪಾನ್ ಸೇನೆ ಹತ್ತಿರ ಬರುತ್ತಿದ್ದಾಗ ಬೀಜಿಂಗಿನ ಅರಮನೆಯಿಂದ ಸಾವಿರಾರು ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದರು. ಯುದ್ಧದುದ್ದಕ್ಕೂ ಊರಿಂದೂರಿಗೆ ತಿರುಗಾಡಿದವು. 1948–49ರಲ್ಲಿ, ಚೀನಾದ ಅಂತರ್ಯುದ್ಧದ ಕೊನೆಯಲ್ಲಿ, ಅರಮನೆ ಸಂಗ್ರಹದ 2,972 ಪೆಟ್ಟಿಗೆಗಳು ಹಡಗಿನಲ್ಲಿ ತೈವಾನಿಗೆ ಬಂದವು. ಈ ಚಿತ್ರಗಳು ಅಲ್ಲಿನವರಿಗೆ ಬರೀ ಕಲೆ ಅಲ್ಲ, ಬೀಜಿಂಗಿನವರಿಗೂ ಅಲ್ಲ. ನಾವೇ ಇದರ ವಾರಸುದಾರರು ಅಂತ ಎರಡೂ ಕಡೆಯವರು ಹೇಳ್ತಾರೆ.

ಅದೇ ಗಾಯ 2019ರಲ್ಲಿ ಮತ್ತೆ ತೆರೆದುಕೊಂಡಿತು. ಆ ವರ್ಷ ಜನವರಿ 16ರಿಂದ ಫೆಬ್ರವರಿ 24ರವರೆಗೆ ಟೋಕಿಯೊ ನ್ಯಾಷನಲ್ ಮ್ಯೂಸಿಯಂನಲ್ಲಿ ಯಾನ್ ಜೆನ್‌ಚಿಂಗ್ ಅನ್ನುವವನ ಕೈಬರಹದ ಪ್ರದರ್ಶನ ಇತ್ತು. ತೈಪೆಯಿಂದ ಹೋಗಿದ್ದು ಕ್ರಿ.ಶ. 758ರಲ್ಲಿ ಅವನು ತನ್ನ ಅಣ್ಣನ ಮಗನಿಗೆ ಬರೆದ ಶೋಕಪತ್ರದ ಕರಡು. ದಂಗೆಯಲ್ಲಿ ಆ ಹುಡುಗನ ತಲೆ ಕಡಿದಿದ್ದರು. ಕರಡು ಅಂದೆ ನೋಡಿ, ಅದೇ ಮುಖ್ಯ. ಶುರುವಿನಲ್ಲಿ ಅಕ್ಷರಗಳು ಹದವಾಗಿವೆ. ಹೋಗ್ತಾ ಹೋಗ್ತಾ ಗೀಚು, ಹೊಡೆದುಹಾಕಿದ ಪದಗಳು, ಕುಂಚದಲ್ಲಿ ಮಸಿ ಒಣಗಿದರೂ ಅದ್ದದೆ ಎಳೆದ ಗೆರೆಗಳು. ಚೀನೀ ಭಾಷೆ ಒಂದಕ್ಷರ ಬಾರದ ನಮಗೂ ಎಲ್ಲಿ ಕೈ ನಡುಗಿತು ಅನ್ನೋದು ಕಾಣಿಸುತ್ತೆ. ದಯವಿಟ್ಟು ಫೋಟೊ ಹುಡುಕಿ ನೋಡಿ.

ಇದು ಟೋಕಿಯೊಗೆ ಹೋಯ್ತು ಅಂತ ಗೊತ್ತಾದಾಗ ಚೀನಾದ ವೀಬೋ ತಾಣದಲ್ಲಿ ಸಿಟ್ಟಿನ ಪ್ರವಾಹ. 1,200 ವರ್ಷಕ್ಕೂ ಹಳೆಯ ಕಾಗದವನ್ನ ಹೇಗೆ ಕಳಿಸಿದಿರಿ, ಅದೂ ಜಪಾನಿಗೆ? ಕಾಗದದ ಆರೋಗ್ಯದ ಬಗ್ಗೆ ಕಾಳಜಿ ಎಷ್ಟಿತ್ತು, ಯುದ್ಧದ ನೆನಪು ಎಷ್ಟಿತ್ತು ಅಂತ ಬಿಡಿಸಿ ಹೇಳೋಕಾಗಲ್ಲ. ಸ್ಥಿತಿ ಪರೀಕ್ಷೆ ಮಾಡಿಯೇ ಕಳಿಸಿದ್ದೇವೆ ಅಂತ ತೈಪೆ ಮ್ಯೂಸಿಯಂ ಹೇಳಿತು. ಇತ್ತ ಟೋಕಿಯೊದಲ್ಲಿ ಉದ್ದುದ್ದ ಸಾಲು, ಎಷ್ಟೋ ಜನ ಚೀನಾದಿಂದಲೇ ವಿಮಾನದಲ್ಲಿ ಬಂದವರು. ಗಂಟೆಗಟ್ಟಲೆ ಕಾದು, ಕೆಲವು ಕ್ಷಣ ನೋಡಿ, ಮುಂದೆ ಸಾಗಬೇಕು. ತಿರುಪತಿಯ ‘ಜರಗಂಡಿ ಜರಗಂಡಿ’ ನೆನಪಾಗುತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ಕಳಿಸಿದ್ದು ತಪ್ಪಲ್ಲ. ಅದು ಟೋಕಿಯೊದಲ್ಲಿ ಖರ್ಚು ಮಾಡಿದ ಬೆಳಕು ತೈಪೆಯಲ್ಲಿ ಆಗುತ್ತಿದ್ದ ಖರ್ಚಿಗಿಂತ ಹೆಚ್ಚೇನಲ್ಲ. ಪ್ರಯಾಣದ ಅಪಾಯ ಮಾತ್ರ ಹೆಚ್ಚು. ಆದರೆ 1996ರಲ್ಲಿ ಮ್ಯೂಸಿಯಂ ಮುಂದೆ ಕೂತವರ ಸಿಟ್ಟೂ ನ್ಯಾಯವಾದದ್ದೇ. ಜಂಟಿ ಖಾತೆಯಿಂದ ಒಬ್ಬರೇ ಸಹಿ ಹಾಕಿ ದುಡ್ಡು ತೆಗೆದ ಹಾಗಿತ್ತದು.

ಬ್ರಿಟಿಷ್ ಮ್ಯೂಸಿಯಂನಲ್ಲೂ ಇಂಥದ್ದೇ ಒಂದು ಉದಾಹರಣೆ ಇದೆ, ನಮ್ಮ ಕಡೆಯ ಎಳೆಯೂ ಇರುವಂಥದ್ದು. ಗು ಕೈಜಿ ಅನ್ನುವ 4ನೇ ಶತಮಾನದ ಕಲಾವಿದನ ಹೆಸರಿನಲ್ಲಿ ಬಂದ, ಅರಮನೆಯ ಹೆಂಗಸರಿಗೆ ನೀತಿ ಹೇಳುವ ಚಿತ್ರಸುರುಳಿ. ಈಗ ಇರೋದು ಆಮೇಲಿನ ಕಾಲದ ಪ್ರತಿ ಅಂತ ವಿದ್ವಾಂಸರ ಅಭಿಪ್ರಾಯ, ಆದರೂ ಚೀನೀ ಚಿತ್ರಕಲೆಯ ಅತಿ ಹಳೆಯ ಸುರುಳಿಗಳಲ್ಲಿ ಒಂದು. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸೋಕೆ ಬ್ರಿಟಿಷರು ಭಾರತದಿಂದ ಬೀಜಿಂಗಿಗೆ ಸೈನ್ಯ ಕಳಿಸಿದ್ದರು. ಅದರಲ್ಲಿದ್ದ ಫಸ್ಟ್ ಬೆಂಗಾಲ್ ಲ್ಯಾನ್ಸರ್ಸ್ ಪಡೆಯ ಕ್ಯಾಪ್ಟನ್ ಕ್ಲಾರೆನ್ಸ್ ಜಾನ್ಸನ್ ಕೈಗೆ ಈ ಸುರುಳಿ ಬಂತು. 1903ರಲ್ಲಿ ಮ್ಯೂಸಿಯಂ ಅದನ್ನ ಅವನಿಂದ 25 ಪೌಂಡಿಗೆ ಕೊಂಡಿತು. ಕೈಯಲ್ಲಿ ಹಿಡಿದು, ಒಂದು ಮೊಳದಷ್ಟು ಬಿಚ್ಚಿ, ನೋಡಿ, ಸುತ್ತಿ, ಮತ್ತೊಂದು ಮೊಳ ಬಿಚ್ಚಿ ನೋಡಬೇಕಾದ ಚಿತ್ರ ಅದು. ಸುರುಳಿ ಚಿತ್ರಗಳು ಇರೋದೇ ಹಾಗೆ. ಲಂಡನ್ನಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಅದನ್ನ ಬಿಡಿಸಿ ಹಲಗೆಗೆ ಅಂಟಿಸಿಬಿಟ್ಟರು. ಇನ್ನು ಸುತ್ತೋಕಾಗಲ್ಲ. ಈಗ ವರ್ಷಕ್ಕೆ ಕೆಲವೇ ವಾರ ತೋರಿಸ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ‘ಸದಾ ಗೋಡೆ ಮೇಲೆ ಇರಬೇಕು’ ಅನ್ನೋದು ಈ ಚಿತ್ರಗಳ ಮೂಲ ಊರಿನ ಪದ್ಧತಿಯೇ ಅಲ್ಲ. ಚೀನಾ, ಜಪಾನಿನ ಮನೆಗಳಲ್ಲಿ ಚಿತ್ರವನ್ನ ಋತುವಿಗೆ ತಕ್ಕಂತೆ, ಅತಿಥಿಗೆ ತಕ್ಕಂತೆ ನೇತುಹಾಕಿ, ಆಮೇಲೆ ಸುತ್ತಿ ಪೆಟ್ಟಿಗೆಗೆ ಹಾಕ್ತಿದ್ರು. ದಸರೆ ಗೊಂಬೆಗಳನ್ನ ನಾವು ವರ್ಷವಿಡೀ ಹೊರಗಿಡ್ತೀವಾ? ಹಾಗೆ. ಜಪಾನಿನ ಕೆಲವು ಮ್ಯೂಸಿಯಂಗಳು ಇದೇ ಪದ್ಧತಿಯನ್ನ ಹಬ್ಬ ಮಾಡಿಕೊಂಡಿವೆ. ಟೋಕಿಯೊದ ನೆಜು ಮ್ಯೂಸಿಯಂನಲ್ಲಿ ಒಗಾತಾ ಕೋರಿನ್ ಬರೆದ ಐರಿಸ್ ಹೂವಿನ ಮಡಿಸುವ ಪರದೆಗಳ ಜೋಡಿ ಇದೆ, ಚಿನ್ನದ ತಗಡಿನ ಹಿನ್ನೆಲೆ, ಅದರ ಮೇಲೆ ನೀಲಿ, ಹಸಿರು ಅಷ್ಟೇ. ಅದನ್ನ ಹೊರತೆಗೆಯೋದು ಸಾಮಾನ್ಯವಾಗಿ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ, ಮ್ಯೂಸಿಯಂ ತೋಟದಲ್ಲಿ ನಿಜವಾದ ಐರಿಸ್ ಅರಳುವ ಹೊತ್ತಿಗೆ. ಒಳಗೆ ನೋಡಿ ಹೊರಗೆ ಬಂದರೆ ಅಲ್ಲೂ ಅದೇ ಹೂವು. ನಿಯಮವನ್ನ ಇದಕ್ಕಿಂತ ಚೆನ್ನಾಗಿ ಬಳಸಿದವರನ್ನ ನಾನು ಕಾಣೆ.

ನಾರಾ ನಗರದಲ್ಲಿ ಇನ್ನೂ ಹಳೆಯದೊಂದಿದೆ, ಶೋಸೋಇನ್ ಭಂಡಾರ. ಕ್ರಿ.ಶ. 756ರಲ್ಲಿ ಚಕ್ರವರ್ತಿ ಶೋಮು ತೀರಿಕೊಂಡಾಗ ರಾಣಿ ಕೋಮ್ಯೋ ಅವನ ವಸ್ತುಗಳನ್ನ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ಒಪ್ಪಿಸಿದಳು. ಅಲ್ಲಿಂದ ಬೆಳೆದ ಭಂಡಾರದಲ್ಲಿ ಸುಮಾರು 9,000 ವಸ್ತುಗಳಿವೆ. ಅರಮನೆಯ ಮೊಹರು ಹಾಕಿಟ್ಟ ಕೋಣೆಗಳನ್ನ ವರ್ಷಕ್ಕೊಮ್ಮೆ ಶರತ್ಕಾಲದ ಒಣಹವೆಯಲ್ಲಿ ತೆರೆದು ಪರಿಶೀಲಿಸ್ತಾರೆ. ಆಗ ಸುಮಾರು 60 ವಸ್ತುಗಳನ್ನ ನಾರಾ ನ್ಯಾಷನಲ್ ಮ್ಯೂಸಿಯಂನಲ್ಲಿ ಎರಡು ವಾರದ ಮೇಲೆ ಕೆಲವು ದಿನ ತೋರಿಸ್ತಾರೆ. 1946ರಲ್ಲಿ ಶುರುವಾದದ್ದು, ಯುದ್ಧದಲ್ಲಿ ಸೋತ ಮರುವರ್ಷ. ಈ ಸಲ ಕಂಡ ವಸ್ತು ಮತ್ತೆ ಕಾಣೋಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಯಬೇಕು. ಅಲ್ಲಿ ಐದು ತಂತಿಯ ಒಂದು ಬೀವಾ ವಾದ್ಯ ಇದೆ, ಮೈತುಂಬ ಕಪ್ಪೆಚಿಪ್ಪಿನ ಕುಸುರಿ, ಒಂಟೆಯ ಮೇಲೆ ಕೂತು ವಾದ್ಯ ನುಡಿಸುವವನ ಚಿತ್ರ. ಐದು ತಂತಿಯ ಈ ಬಗೆಯ ವಾದ್ಯದ ಮೂಲ ಭಾರತ ಅಂತಾರೆ. ಆ ಕಾಲದ್ದು ಪ್ರಪಂಚದಲ್ಲಿ ಉಳಿದಿರೋದು ಇದೊಂದೇ.

ಹಾಗಾದರೆ ನಕಲು ತೋರಿಸಿದರೆ ಸಾಲದಾ ಅಂತ ಕೆಲವರು ಕೇಳಬಹುದು. ಈಗಾಗಲೇ ಮಾಡ್ತಿದ್ದಾರೆ. ಕ್ಯೋಟೋದ ಕೆನ್ನಿನ್‌ಜಿ ದೇವಾಲಯಕ್ಕೆ ಹೋದರೆ ಸೋತಾತ್ಸು ಬರೆದ ವಾಯುದೇವ, ಸಿಡಿಲುದೇವರ ಪರದೆಗಳು ಕಾಣುತ್ತವೆ. ಅವು ಅತಿ ಸೂಕ್ಷ್ಮ ಡಿಜಿಟಲ್ ಪ್ರತಿಗಳು, ಮೂಲ ಕ್ಯೋಟೋ ನ್ಯಾಷನಲ್ ಮ್ಯೂಸಿಯಂ ಸುಪರ್ದಿಯಲ್ಲಿದೆ. ದೇವಾಲಯದಲ್ಲಿ ಗಾಜಿಲ್ಲ, ಹತ್ತಿರ ಕೂತು ನೋಡಬಹುದು. ಪ್ರತಿ ಅಂತ ಸ್ಪಷ್ಟವಾಗಿ ಬರೆದಿಟ್ಟರೆ ನನ್ನ ತಕರಾರಿಲ್ಲ. ತಕರಾರು ಇರೋದು ಬೇರೆ ಕಡೆ. ಜಾಹೀರಾತಿನಲ್ಲಿ ಒಂದು ಚಿತ್ರ ಹಾಕಿ, ಅದು ಮೂರು ವಾರ ಮಾತ್ರ ಇರುತ್ತೆ ಅನ್ನೋದನ್ನ ಚಿಕ್ಕಕ್ಷರದಲ್ಲಿ ಹಾಕೋದು ಸರಿಯಲ್ಲ. ಬೆಂಗಳೂರಿನಿಂದ ಟೋಕಿಯೊಗೆ ಜೀವನದಲ್ಲಿ ಒಂದೇ ಸಲ ಹೋಗುವವರು ಎಷ್ಟೋ ಜನ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಗಡಗಡ ಓದ್ತಾರಲ್ಲ, ಅಷ್ಟಾದರೂ ಹೇಳಬೇಕು.

ಈ ಬೆಳಕಿನ ಲೆಕ್ಕಕ್ಕೆ ಇನ್ನೊಂದು ಪರಿಣಾಮ ಇದೆ, ಅದು ನಮ್ಮ ಗಮನಕ್ಕೇ ಬರಲ್ಲ. ಯಾವ ದೇಶದ ಮ್ಯೂಸಿಯಂನಲ್ಲಿ ಚೀನಾ ವಿಭಾಗಕ್ಕೆ ಹೋದರೂ ಕಾಯಂ ಆಗಿ ಇರೋದು ಪಿಂಗಾಣಿ, ಕಂಚು, ಜೇಡ್ ಕಲ್ಲು. ಬ್ರಿಟಿಷ್ ಮ್ಯೂಸಿಯಂನ ಒಂದೇ ಕೋಣೆಯಲ್ಲಿ ಪರ್ಸಿವಲ್ ಡೇವಿಡ್ ಸಂಗ್ರಹದ ಸುಮಾರು 1,700 ಪಿಂಗಾಣಿ ವಸ್ತುಗಳಿವೆ. ತೈಪೆಯಲ್ಲಿ ಜನ ಮುಗಿಬೀಳೋದು ಜೇಡ್ ಕಲ್ಲಿನಲ್ಲಿ ಕೆತ್ತಿದ ಎಲೆಕೋಸಿಗೆ. ಇವುಗಳಿಗೆ ಬೆಳಕಿನ ಭಯ ಇಲ್ಲ. ಹಾಗಾಗಿ ಚೀನಾದ ಕಲೆ ಅಂದ್ರೆ ಹೂಜಿ, ತಟ್ಟೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಚೀನಾದ ವಿದ್ವಾಂಸರು ಎಲ್ಲಕ್ಕಿಂತ ಮೇಲೆ ಇಟ್ಟದ್ದು ಕೈಬರಹವನ್ನ ಮತ್ತು ಚಿತ್ರವನ್ನ. ಅವರ ಪಟ್ಟಿಯಲ್ಲಿ ಮೊದಲು ಬರೋದು ನಮ್ಮ ಕಣ್ಣಿಗೆ ಕೊನೆಗೂ ಬೀಳಲ್ಲ.

ನಮ್ಮ ದೇಶದಲ್ಲೂ ಈ ಎರಡೂ ಬಗೆ ಇವೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ ಚೀನಾದ ದುನ್‌ಹುವಾಂಗ್ ಗುಹೆಯಿಂದ ಬಂದ ರೇಷ್ಮೆಯ ಬೌದ್ಧ ಚಿತ್ರಗಳಿವೆ. 1907ರಲ್ಲಿ ಆರೆಲ್ ಸ್ಟೈನ್ ಅಲ್ಲಿಗೆ ಹೋದಾಗ ಖರ್ಚಿನ ಐದರಲ್ಲಿ ಮೂರು ಪಾಲು ಕೊಟ್ಟಿದ್ದು ಆಗಿನ ಭಾರತ ಸರ್ಕಾರ, ಎರಡು ಪಾಲು ಬ್ರಿಟಿಷ್ ಮ್ಯೂಸಿಯಂ. ಲೂಟಿನೋ ಖರೀದಿನೋ ಅನ್ನುವ ವಾದ ಇವತ್ತಿಗೂ ಇದೆ, ಅದಕ್ಕೆ ಇನ್ನೊಂದು ಕಂತೇ ಬೇಕು.

ಈಗ ಹೊರಡುವವರಿಗೆ. ನಾರಾಗಾದರೆ ಅಕ್ಟೋಬರ್ ಕೊನೆ, ನವೆಂಬರ್ ಆರಂಭ ನೋಡಿಕೊಳ್ಳಿ. ನೆಜು ಮ್ಯೂಸಿಯಂಗೆ ಏಪ್ರಿಲ್ ಕೊನೆಯ ವಾರ ಒಳ್ಳೇದು, ಆದರೆ ಆ ವರ್ಷದ ದಿನಾಂಕ ನೋಡಿಯೇ ಟಿಕೆಟ್ ಬುಕ್ ಮಾಡಿ. ತೈಪೆಗೆ ಹೋಗುವ ಮೊದಲು ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಯಾವ ಚಿತ್ರ ಯಾವ ದಿನದವರೆಗೆ ಇದೆ ಅಂತ ನೋಡಿ. ಇಷ್ಟೆಲ್ಲ ಬೇಡ, ಹತ್ತಿರದಲ್ಲೇ ಆಗಬೇಕು ಅನ್ನುವವರಿಗೆ ಹೈದರಾಬಾದ್ ಇದೆ. ಸಾಲಾರ್ ಜಂಗ್ ಮ್ಯೂಸಿಯಂನ ಪೂರ್ವದ ಕಟ್ಟಡದಲ್ಲಿ ಚೀನಾ ಮತ್ತು ಜಪಾನಿನ ವಸ್ತುಗಳಿವೆ, ಪಿಂಗಾಣಿ ಬೇಕಾದಷ್ಟು. ಅದಕ್ಕೆ ಋತು ಇಲ್ಲ, ಯಾವಾಗ ಹೋದರೂ ಸಿಗುತ್ತೆ. ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ರಜೆ.